ವೆಬ್ಲಿ ರಿವಾಲ್ವರ್: ಕೊಳ್ಳಬಲ್ಲವರೂ ಕೊಳ್ಳಲಾಗದವರೂ

ಪ್ರೌಢಶಾಲೆಯ ಇತಿಹಾಸ ಪಾಠದಲ್ಲಿ ಲಾರ್ಡ್ ಲಿಟ್ಟನ್ನನ ಹೆಸರಿನೊಡನೆ ಎರಡು ಕಾಯಿದೆಗಳು ಬರುತ್ತವೆ. ಒಂದು 1878ರ ದೇಶೀಯ ಭಾಷಾ ಪತ್ರಿಕೆಗಳ ಕಾಯಿದೆ, ಇನ್ನೊಂದು ಅದೇ ವರ್ಷದ ಶಸ್ತ್ರಾಸ್ತ್ರ ಕಾಯಿದೆ. ಮೊದಲನೆಯದರ ಬಗ್ಗೆ ಮಕ್ಕಳು ಉತ್ಸಾಹದಿಂದ ಅರ್ಧ ಪುಟ ಬರೆಯುತ್ತಿದ್ದರು. ಎರಡನೆಯದಕ್ಕೆ ಒಂದೇ ಸಾಲು. ‘ಭಾರತೀಯರು ಪರವಾನಗಿ ಇಲ್ಲದೆ ಆಯುಧ ಇಟ್ಟುಕೊಳ್ಳುವಂತಿರಲಿಲ್ಲ’ ಎಂದರೆ ಅಂಕ ಸಿಕ್ಕಿಬಿಡುತ್ತಿತ್ತು. ಆ ಒಂದು ಸಾಲಿನ ಹಿಂದಿರುವ ಚರಿತ್ರೆಯನ್ನು ತಿಳಿಯಬೇಕಾದರೆ ಒಂದು ಹಳೆಯ ಆಯುಧವನ್ನೇ ಕೈಗೆತ್ತಿಕೊಂಡು ನೋಡಬೇಕು. ಅದುವೇ ಬರ್ಮಿಂಗ್‌ಹ್ಯಾಮಿನ ವೆಬ್ಲಿ ಕಂಪೆನಿಯ .455 ರಿವಾಲ್ವರ್.

.455 ಎಂದರೆ ಗುಂಡಿನ ಅಡ್ಡಳತೆ, ಅಂಗುಲದ ಲೆಕ್ಕದಲ್ಲಿ. ನಮ್ಮ ಅಳತೆಯಲ್ಲಿ ಹನ್ನೊಂದೂವರೆ ಮಿಲಿಮೀಟರು. ಈ ಗುಂಡಿನ ತೂಕ ಸುಮಾರು 17 ಗ್ರಾಂ. ಅದೇ ಕಾಲದ ಸೈನಿಕರ .303 ರೈಫಲ್ಲಿನ ಗುಂಡು ತೂಗುತ್ತಿದ್ದುದು 11 ಗ್ರಾಂ ಮಾತ್ರ. ರೈಫಲ್ಲಿನ ಗುಂಡು ಸೆಕೆಂಡಿಗೆ 700 ಮೀಟರಿಗೂ ಮಿಕ್ಕಿದ ವೇಗದಲ್ಲಿ ಹಾರಿದರೆ, ವೆಬ್ಲಿಯದು 190 ಮೀಟರಿನ ಆಸುಪಾಸಿನಲ್ಲಿ ಸಾಗುತ್ತಿತ್ತು. ಭಾರ ಹೆಚ್ಚು, ವೇಗ ಕಡಿಮೆ. ದೂರದ ಗುರಿಗೆ ಇದು ಪ್ರಯೋಜನವಿಲ್ಲ. ಹತ್ತು ಹೆಜ್ಜೆಯ ಆಚೆಯಿಂದ ಮೈಮೇಲೆ ಏರಿ ಬರುತ್ತಿರುವ ಮನುಷ್ಯನನ್ನು ನಿಂತಲ್ಲೇ ಕೆಡವುವುದೇ ಇದರ ಉದ್ದೇಶ. ಆಯುಧದ ಅಳತೆಯಲ್ಲಿಯೇ ಅದನ್ನು ಮಾಡಿಸಿಕೊಂಡವರ ಭಯವೂ ಅಡಗಿದೆ ಎಂಬ ಮಾತನ್ನು ಓದುಗರು ನೆನಪಿನಲ್ಲಿಡಬೇಕು.

ಈ ಭಯ ಒಂದೇ ದಿನದಲ್ಲಿ ಹುಟ್ಟಿದ್ದಲ್ಲ. 1851ರಲ್ಲಿ ಲಂಡನ್ನಿನ ಮಹಾ ಪ್ರದರ್ಶನದಲ್ಲಿ ಅಮೆರಿಕದ ಸ್ಯಾಮ್ಯುಯೆಲ್ ಕೋಲ್ಟ್ ಹಾಗೂ ಇಂಗ್ಲೆಂಡಿನ ರಾಬರ್ಟ್ ಆಡಮ್ಸ್ ತಮ್ಮ ತಮ್ಮ ರಿವಾಲ್ವರುಗಳನ್ನು ಪ್ರದರ್ಶನಕ್ಕಿಟ್ಟರು. ಕೋಲ್ಟನದು ನಯವಾದ ಯಂತ್ರಗಾರಿಕೆ. ಅವನ ‘ನೇವಿ’ ಮಾದರಿಯ ಗುಂಡು.36 ಅಂಗುಲದ್ದು. ಆಡಮ್ಸನದು ಅದಕ್ಕಿಂತ ದಪ್ಪ ಗುಂಡು, ಟ್ರಿಗರನ್ನು ಎಳೆದರೆ ಸಾಕು ಸಿಡಿಯುವ ವ್ಯವಸ್ಥೆ. 1856ರಲ್ಲಿ ಸುಧಾರಣೆಗೊಂಡ ಬೋಮಾಂಟ್-ಆಡಮ್ಸ್ ರಿವಾಲ್ವರು ಬ್ರಿಟಿಷ್ ಸೈನ್ಯಕ್ಕೆ ಸೇರಿತು. ವಸಾಹತುಗಳಲ್ಲಿ ಕೈಗೆ ಕೈ ಹತ್ತುವ ಕಾಳಗಕ್ಕೆ ದೊಡ್ಡ ಗುಂಡೇ ಬೇಕೆಂಬ ಅಭಿಪ್ರಾಯ ಅಲ್ಲಿಂದ ಬೇರೂರಿತು.

ಮರುವರ್ಷವೇ 1857. ದಂಗೆಯನ್ನು ಅಡಗಿಸುವ ಕ್ರಮವಾಗಿ ಪ್ರಜೆಗಳು ಆಯುಧಗಳನ್ನು ಒಪ್ಪಿಸಬೇಕೆಂಬ ಆಜ್ಞೆ ಹೊರಟಿತು. ಮುಧೋಳ ಸೀಮೆಯ ಹಲಗಲಿಯ ಬೇಡರಿಗೆ ಕತ್ತಿ ಕೋವಿಗಳು ಬೇಟೆಯ ಸಾಧನವೂ ಹೌದು, ಮಾನದ ಗುರುತೂ ಹೌದು. ಅವರು ಒಪ್ಪಿಸಲಿಲ್ಲ. 1857ರ ನವೆಂಬರಿನಲ್ಲಿ ಕಂಪೆನಿಯ ಸೈನ್ಯ ಊರಿಗೆ ಮುತ್ತಿಗೆ ಹಾಕಿ ಬೆಂಕಿಯಿಟ್ಟಿತು. ಸೆರೆಸಿಕ್ಕವರಲ್ಲಿ 19 ಜನರನ್ನು ಗಲ್ಲಿಗೇರಿಸಿತು. ಹಲಗಲಿಯ ಲಾವಣಿಯನ್ನು ನಮ್ಮ ಮಕ್ಕಳು ಕನ್ನಡ ಪಠ್ಯದಲ್ಲಿ ಓದಿದ್ದಾರೆ. ಆದರೆ ಅದೇ ಕಾಲದಲ್ಲಿ ಒಬ್ಬ ಇಂಗ್ಲಿಷ್ ಅಧಿಕಾರಿ ತನಗೆ ಬೇಕಾದ ರಿವಾಲ್ವರನ್ನು ಅಂಗಡಿಯಲ್ಲಿ ದುಡ್ಡು ಕೊಟ್ಟು ಕೊಳ್ಳುತ್ತಿದ್ದನೆಂಬುದನ್ನು ಪಕ್ಕದಲ್ಲಿಟ್ಟು ಓದಿದಾಗಲೇ ಆ ಲಾವಣಿಯ ನೋವು ಪೂರ್ಣವಾಗಿ ತಿಳಿಯುವುದು.

ಇದು ಅಲಂಕಾರದ ಮಾತಲ್ಲ. ಬ್ರಿಟಿಷ್ ಸೈನ್ಯದ ಅಧಿಕಾರಿಗಳು ತಮ್ಮ ಸೊಂಟದ ಆಯುಧವನ್ನು ಸ್ವಂತ ಖರ್ಚಿನಲ್ಲಿ ಕೊಳ್ಳುವ ಪದ್ಧತಿ ಬಹುಕಾಲ ಇತ್ತು. ಯಾವ ತಯಾರಕರದಾದರೂ ಆಗಬಹುದು, ಸರ್ಕಾರಿ ತೋಟಾ ಅದರಲ್ಲಿ ಹಿಡಿಸಿದರೆ ಸರಿ. ಆರ್ಮಿ ಅಂಡ್ ನೇವಿ ಸ್ಟೋರ್ಸ್ ಎಂಬ ದೊಡ್ಡ ಮಳಿಗೆ ಇಂಥವರಿಗೆಂದೇ ಲಂಡನ್ನಿನಲ್ಲಿ ಹುಟ್ಟಿ, ಮುಂದೆ ಮುಂಬಯಿ, ಕಲ್ಕತ್ತೆಗಳಲ್ಲಿಯೂ ಬಾಗಿಲು ತೆರೆಯಿತು.

1887ರಲ್ಲಿ ಸೈನ್ಯ ವೆಬ್ಲಿಯ ಮೊದಲ ಮಾದರಿಯನ್ನು ಸ್ವೀಕರಿಸಿತು. ಇದರ ರಚನೆ ಸರಳ, ಜಾಣತನದ್ದು. ಹೆಬ್ಬೆರಳಿನಿಂದ ಪಕ್ಕದ ಅಗುಳಿಯನ್ನು ಒತ್ತಿ ನಳಿಗೆಯನ್ನು ಕೆಳಕ್ಕೆ ಬಾಗಿಸಿದರೆ ರಿವಾಲ್ವರು ನಡುವಿನಲ್ಲಿ ಮಡಚಿಕೊಳ್ಳುತ್ತದೆ. ಜೊತೆಗೇ ಸಿಲಿಂಡರಿನ ನಡುವಿನಿಂದ ನಕ್ಷತ್ರದಾಕಾರದ ತುಂಡೊಂದು ಮೇಲೆದ್ದು ಆರು ಖಾಲಿ ತೋಟಾಗಳನ್ನೂ ಒಮ್ಮೆಗೇ ಹೊರಕ್ಕೆ ಚೆಲ್ಲುತ್ತದೆ. ಕುದುರೆಯ ಮೇಲೆ ಕುಳಿತವನು ಕೂಡ ಬೇಗನೆ ಮತ್ತೆ ತುಂಬಿಕೊಳ್ಳಬಹುದು. ಹಿಡಿಕೆಯ ತುದಿಯ ಬಳೆಗೆ ದಾರ ಕಟ್ಟಿ ಕೊರಳಿಗೆ ಹಾಕಿಕೊಂಡರೆ ಕೈತಪ್ಪಿ ಬೀಳುವ ಹೆದರಿಕೆಯಿಲ್ಲ. 1915ರಲ್ಲಿ, ಮೊದಲನೆಯ ಮಹಾಯುದ್ಧದ ನಡುವೆ, ಆರು ಅಂಗುಲ ನಳಿಗೆಯ ಆರನೆಯ ಮಾದರಿ ಬಂದಿತು. ತೂಕ ಒಂದು ಕಿಲೋಗ್ರಾಮಿಗೂ ಮಿಗಿಲು. ಎರಡೂವರೆ ಲಕ್ಷಕ್ಕಿಂತ ಹೆಚ್ಚು ತಯಾರಾದವು.

ಈ ಗುಂಡಿನ ಚರಿತ್ರೆಯಲ್ಲಿ ಕರಾಳವಾದ ಒಂದು ಪುಟವುಂಟು. 1898ರಲ್ಲಿ ತುದಿ ಟೊಳ್ಳಾದ, ಮೈಯೊಳಗೆ ಹೊಕ್ಕು ಅರಳುವ ಗುಂಡನ್ನು ಈ ರಿವಾಲ್ವರಿಗಾಗಿ ಹೊರತಂದರು. ಅದರ ಅಡ್ಡಹೆಸರೇ ‘ಮನುಷ್ಯನನ್ನು ನಿಲ್ಲಿಸುವುದು’ ಎಂದಿತ್ತು. ಕಲ್ಕತ್ತೆಯ ಬಳಿಯ ಡಮ್‌ಡಮ್ ಕಾರ್ಖಾನೆಯಲ್ಲಿ ರೈಫಲ್ಲುಗಳಿಗೆ ಇಂಥದೇ ಗುಂಡು ಅದಾಗಲೇ ತಯಾರಾಗಿತ್ತು. 1899ರ ಹೇಗ್ ಸಮ್ಮೇಳನ ಇಂತಹ ಗುಂಡುಗಳನ್ನು ನಿಷೇಧಿಸಿತು. ಬ್ರಿಟನ್ನು ರಿವಾಲ್ವರಿನ ಈ ಗುಂಡನ್ನು ಹಿಂದಕ್ಕೆ ಪಡೆಯಿತು. ನಮ್ಮ ನಾಡಿನ ಒಂದು ಊರಿನ ಹೆಸರು ಜಗತ್ತಿನ ನಿಘಂಟುಗಳಿಗೆ ಸೇರಿದ್ದು ಹೀಗೆ.

ಈಗ ಮತ್ತೆ 1878ಕ್ಕೆ ಬರೋಣ. ಆ ಕಾಯಿದೆಯ ಮುಳ್ಳು ಇದ್ದುದು ಪರವಾನಗಿಯಲ್ಲಲ್ಲ, ವಿನಾಯಿತಿಯಲ್ಲಿ. ಅದರ ಅಡಿಯ ನಿಯಮಗಳು ಯುರೋಪಿಯನ್ನರನ್ನು ಪರವಾನಗಿಯಿಂದ ಹೊರಗಿಟ್ಟವು. ಅಂದರೆ ಒಂದೇ ಊರಿನಲ್ಲಿ, ಒಂದೇ ರಿವಾಲ್ವರು ಒಬ್ಬನ ಸೊಂಟದಲ್ಲಿ ಉಡುಪಿನ ಭಾಗ, ಇನ್ನೊಬ್ಬನ ಮನೆಯಲ್ಲಿ ಅಪರಾಧ. ಕೊಡವರಿಗೆ ಮಾರ್ಕ್ ಕಬ್ಬನ್ 1861ರಲ್ಲಿಯೇ ವಿನಾಯಿತಿ ಕೊಟ್ಟಿದ್ದನು. ಕೋವಿಯನ್ನು ಪೂಜಿಸುವ ಆ ಸಮುದಾಯಕ್ಕೆ ಅದು ಇಂದಿಗೂ ಮುಂದುವರಿದಿದೆ. ಆದರೆ ಆಳುವವನು ‘ನಂಬಿಗಸ್ತ’ರೆಂದು ಆರಿಸಿಕೊಟ್ಟ ವಿನಾಯಿತಿಯಾದ್ದರಿಂದ, ಉಳಿದವರನ್ನು ಅವನು ನಂಬಲಿಲ್ಲವೆಂಬುದಕ್ಕೂ ಅದೇ ಸಾಕ್ಷಿ.

ಕೊಳ್ಳಲಾಗದವರು ಬೇರೆ ದಾರಿ ಹಿಡಿದರು. 1914ರ ಆಗಸ್ಟ್ 26ರಂದು ಕಲ್ಕತ್ತೆಯ ರೋಡಾ ಕಂಪೆನಿಗೆ ಬಂದ ಸರಕಿನಲ್ಲಿ 50 ಮೌಸರ್ ಪಿಸ್ತೂಲುಗಳನ್ನೂ 46,000 ತೋಟಾಗಳನ್ನೂ ಬಂಗಾಳದ ಕ್ರಾಂತಿಕಾರಿಗಳು ಹಗಲಿನಲ್ಲೇ ಎತ್ತಿನ ಗಾಡಿಯಲ್ಲಿ ಸಾಗಿಸಿಬಿಟ್ಟರು. ಇನ್ನೊಬ್ಬನು ಆಳುವವರ ನಾಡಿಗೇ ಹೋಗಿ ಹಳೆಯ ರಿವಾಲ್ವರೊಂದನ್ನು ಕೊಂಡನು. ಅವನೇ ಊಧಮ್ ಸಿಂಗ್. ಅವನ ಕೈಯಲ್ಲಿದ್ದುದು ವೆಬ್ಲಿಯಲ್ಲ, ದಪ್ಪ ಗುಂಡಿನದೇ ಆದ ಸ್ಮಿತ್ ಅಂಡ್ ವೆಸ್ಸನ್. ಒಬ್ಬ ಸೈನಿಕನಿಂದ ಕೊಂಡದ್ದು. ತೋಟಾಗಳಾದರೋ ಹಳೆಯವು, ಅದರ ಅಳತೆಗೆ ಸರಿಹೊಂದದವು. 1940ರ ಮಾರ್ಚ್ 13ರಂದು ಲಂಡನ್ನಿನ ಕ್ಯಾಕ್ಸ್‌ಟನ್ ಹಾಲಿನಲ್ಲಿ ಅವನು ಆರು ಗುಂಡು ಹಾರಿಸಿದನು. ಜಲಿಯನ್‌ವಾಲಾ ಬಾಗ್ ಹತ್ಯಾಕಾಂಡದ ಕಾಲಕ್ಕೆ ಪಂಜಾಬಿನ ಲೆಫ್ಟಿನೆಂಟ್ ಗವರ್ನರನಾಗಿದ್ದ ಮೈಕೆಲ್ ಓಡ್ವಯರ್ ಅಲ್ಲೇ ಸತ್ತನು. ಗುಂಡು ತಗುಲಿದ ಬೇರೆ ಮೂವರು ಬದುಕಿಕೊಂಡರು. ಅದೇ ಜುಲೈ 31ರಂದು ಊಧಮ್ ಸಿಂಗನಿಗೆ ಗಲ್ಲಾಯಿತು. ಕೊಲೆಯನ್ನು ಮೆಚ್ಚಬೇಕೆಂದು ನಾನು ಹೇಳುತ್ತಿಲ್ಲ. ಆದರೆ ತನ್ನ ನಾಡಿನಲ್ಲಿ ಪ್ರಜೆಯೊಬ್ಬನಿಗೆ ಕಾನೂನು ನಿರಾಕರಿಸಿದ ವಸ್ತು ಆಳುವವರ ನಾಡಿನಲ್ಲಿಯೇ ಅವನ ಕೈಸೇರಿತೆಂಬುದನ್ನು ಚರಿತ್ರೆಯ ವಿದ್ಯಾರ್ಥಿ ಗಮನಿಸದಿರಲಾರ.

ವೆಬ್ಲಿಯ ದಪ್ಪ ಗುಂಡಿನ ಯುಗ ಅಷ್ಟರಲ್ಲಿ ಮುಗಿಯುತ್ತ ಬಂದಿತ್ತು. ಭಾರದ ಆಯುಧದಿಂದ ಗುರಿಯಿಡಲು ಹೊಸ ಸೈನಿಕರಿಗೆ ಕಷ್ಟವೆಂದು 1932ರಲ್ಲಿ ಸೈನ್ಯ .38 ಅಂಗುಲದ ರಿವಾಲ್ವರಿಗೆ ಬದಲಾಯಿಸಿಕೊಂಡಿತು. ಎರಡನೆಯ ಯುದ್ಧದ ಬಳಿಕ ಹಳೆಯ ವೆಬ್ಲಿಗಳು ರಾಶಿರಾಶಿಯಾಗಿ ಅಮೆರಿಕದ ಮಾರುಕಟ್ಟೆಗೆ ಹೋದವು. ಅಲ್ಲಿ .455 ತೋಟಾ ಸಿಗುವುದು ದುರ್ಲಭವಾದ್ದರಿಂದ, ಅಲ್ಲಿನ .45 ಪಿಸ್ತೂಲಿನ ತೋಟಾ ಹಿಡಿಸುವಂತೆ ಎಷ್ಟೋ ಸಿಲಿಂಡರುಗಳ ಹಿಂಬದಿಯನ್ನು ಉಜ್ಜಿ ತೆಳುಮಾಡಿದರು. ಆ ತೋಟಾದ ಒತ್ತಡ ಹಳೆಯ ಉಕ್ಕಿಗೆ ಹೆಚ್ಚು. ಆದ್ದರಿಂದ ಅಲ್ಲಿನ ಸಂಗ್ರಾಹಕರು ಕೊಳ್ಳುವ ಮುನ್ನ ಮೊದಲು ಸಿಲಿಂಡರನ್ನೇ ಪರೀಕ್ಷಿಸುತ್ತಾರೆ. ಮೈಮೇಲಿನ ಬಾಣದ ಗುರುತು ಸರ್ಕಾರಿ ಸ್ವತ್ತೆಂದು ಹೇಳುತ್ತದೆ. ಎರಡು ಬಾಣಗಳ ಮೊನೆಗಳು ಎದುರುಬದುರಾಗಿದ್ದರೆ ಸೇವೆಯಿಂದ ಬಿಡುಗಡೆಯಾಗಿ ಮಾರಾಟವಾದದ್ದೆಂದು ಅರ್ಥ. ಶಾಸನ ಓದುವವನಿಗೆ ಕಲ್ಲು ಹೇಗೋ ಇವರಿಗೆ ಉಕ್ಕು ಹಾಗೆ.

ಭಾರತದಲ್ಲಿ ಲಿಟ್ಟನ್ನನ ಕಾಯಿದೆಯ ಜಾಗಕ್ಕೆ 1959ರ ಕಾಯಿದೆ ಬಂದು, 1962ರಲ್ಲಿ ಜಾರಿಯಾಯಿತು. ಜನಾಂಗ ನೋಡಿ ಯುರೋಪಿಯನ್ನರಿಗೆ ಕೊಟ್ಟಿದ್ದ ಮರ್ಯಾದೆ ಅಲ್ಲಿಗೆ ಕೊನೆಗೊಂಡಿತು. ಆದರೆ .455 ತೋಟಾ ಹಿಡಿಸುವ ರಿವಾಲ್ವರು ನಿಷಿದ್ಧ ಬೋರ್ ಪಟ್ಟಿಯಲ್ಲಿ ಸೇರಿತು. ಸಾಮಾನ್ಯ ನಾಗರಿಕನಿಗೆ ಪರವಾನಗಿಯ ಮೇಲೆ ಸಿಗುವುದು.32ರದು. ಅತ್ತ ಬ್ರಿಟನ್ನಿನಲ್ಲಿ, 1996ರಲ್ಲಿ ಡನ್‌ಬ್ಲೇನಿನ ಶಾಲೆಯೊಂದರಲ್ಲಿ ಹದಿನಾರು ಪುಟ್ಟ ಮಕ್ಕಳೂ ಅವರ ಶಿಕ್ಷಕಿಯೂ ಗುಂಡಿಗೆ ಬಲಿಯಾದ ಮೇಲೆ, 1997ರಲ್ಲಿ ಖಾಸಗಿ ಕೈಬಂದೂಕುಗಳನ್ನು ಬಹುಮಟ್ಟಿಗೆ ನಿಷೇಧಿಸಲಾಯಿತು. ವೆಬ್ಲಿಯ ಹುಟ್ಟೂರಿನಲ್ಲಿಯೇ ಈಗ ವೆಬ್ಲಿಯನ್ನು ಅಂಗಡಿಗೆ ಹೋಗಿ ಕೊಳ್ಳುವಂತಿಲ್ಲ. 2020ರಲ್ಲಿ ಅದೇ ವೆಬ್ಲಿ ಹೆಸರಿನ ಕಂಪೆನಿ ಉತ್ತರ ಪ್ರದೇಶದ ಹರ್ದೋಯಿ ಜಿಲ್ಲೆಯ ಸಂಡೀಲಾದಲ್ಲಿ .32 ರಿವಾಲ್ವರು ತಯಾರಿಸುವುದಾಗಿ ಪ್ರಕಟಿಸಿತು.

ಹಲಗಲಿಯವರಿಂದ ಆಯುಧ ಕಿತ್ತುಕೊಂಡ ಕಾನೂನೂ ಕಾನೂನೇ, ಡನ್‌ಬ್ಲೇನಿನ ಮಕ್ಕಳ ನಂತರ ಬಂದದ್ದೂ ಕಾನೂನೇ. ಎರಡೂ ಜನರ ಕೈಯಿಂದ ಆಯುಧವನ್ನು ಬಿಡಿಸಿದವು. ಆದರೆ ಒಂದು ಕೆಲವರ ಕೈಯಿಂದ ಮಾತ್ರ ಬಿಡಿಸಿ ಉಳಿದವರ ಸೊಂಟಕ್ಕೆ ಕಟ್ಟಿತು. ಇನ್ನೊಂದು ಎಲ್ಲರಿಗೂ ಒಂದೇ ಆಗಿತ್ತು. ಪರೀಕ್ಷೆಯ ಆ ಒಂದು ಸಾಲಿನ ಉತ್ತರಕ್ಕೆ ಮಕ್ಕಳು ಈ ವ್ಯತ್ಯಾಸವನ್ನೂ ಸೇರಿಸಿ ಬರೆದರೆ, ಪೂರ್ಣ ಅಂಕ ಕೊಡಲು ಯಾವ ಮೇಷ್ಟ್ರೂ ಹಿಂಜರಿಯಬೇಕಿಲ್ಲ.