ಚಿತ್ರ ಬಾರದಿದ್ದರೆ ಪೆಟ್ಟಿಗೆಯೇ ಕೆಟ್ಟಿತೆ?

ಹಳೆಯ ಟಿ.ವಿ.ಯನ್ನು ಮನೆಯಲ್ಲೇ ರಿಪೇರಿ ಮಾಡುವ ಹವ್ಯಾಸ ನಿಮಗಿದೆಯೇ? ಸ್ಕ್ರೂ ಬಿಚ್ಚುವ ಮೊದಲು ಆಳಂದದ ಖಜೂರಿ ಸೇರಿದ್ದ ಅಂದಿನ ಗುಲ್ಬರ್ಗಾ ಜಿಲ್ಲೆಯ ಸಂಗತಿಯೊಂದನ್ನು ಕೇಳಿ.

1975ರ ಆಗಸ್ಟ್ 1ರಂದು ಆರಂಭವಾದ ‘ಸೈಟ್’ ಪ್ರಯೋಗಕ್ಕೆ ಈ ಜಿಲ್ಲೆಯ ಹಳ್ಳಿಗಳೂ ಆಯ್ಕೆಯಾಗಿದ್ದವು. ಸುಮಾರು ಮೂರು ಮೀಟರ್ ಅಗಲದ ತಂತಿಬಲೆಯ ಆಂಟೆನಾ, ಅಮೆರಿಕದಿಂದ ಎರವಲು ಪಡೆದ ಎ.ಟಿ.ಎಸ್.-6 ಉಪಗ್ರಹದ ಸಂಕೇತವನ್ನು ನೇರವಾಗಿ ಹಿಡಿಯುತ್ತಿತ್ತು. 1976ರ ಜುಲೈ 31ಕ್ಕೆ ಅವಧಿ ಮುಗಿಯಿತು, ಉಪಗ್ರಹ ಹೊರಟುಹೋಯಿತು. ಒಂದು ತಂತಿಯೂ ಕಡಿಯದ ಪೆಟ್ಟಿಗೆಗಳಲ್ಲಿ ಚಿತ್ರ ನಿಂತಿತು! ಗುಲ್ಬರ್ಗಾದಲ್ಲಿ ಭೂಪ್ರಸಾರ ಕೇಂದ್ರ ಬಂದದ್ದು 1977ರಲ್ಲಿ.

ಈಗ ದೂರದರ್ಶನದ ಅಂಥ ಅನಲಾಗ್ ಪ್ರಸಾರವೂ ಬಹುತೇಕ ನಿಂತಿದೆ. ಬರೀ ಆಂಟೆನಾ ಇರುವ ಹಳೆಯ ಟಿ.ವಿ.ಯಲ್ಲಿ ಚುಕ್ಕೆಗಳು ಕುಣಿದರೆ ಅದನ್ನೇ ದೋಷವೆನ್ನಬೇಡಿ. ಸೆಟ್‌ಟಾಪ್ ಬಾಕ್ಸ್ ಜೋಡಿಸಿ ನೋಡಿ. ಆಗಲೂ ಚಿತ್ರವಿಲ್ಲವೇ? ಹಿಂಬದಿಯ ಮುಚ್ಚಳವನ್ನು ಮಾತ್ರ ತೆಗೆಯಬೇಡಿ. ಪ್ಲಗ್ ಕಿತ್ತ ಮೇಲೂ ಚಿತ್ರಕೊಳವೆಯು ಕೆಪಾಸಿಟರಿನಂತೆ ಸಾವಿರಾರು ವೋಲ್ಟ್ ಹಿಡಿದಿಟ್ಟುಕೊಂಡಿರಬಹುದು. ಅದನ್ನು ಇಳಿಸುವುದು ಬಲ್ಲ ಮೆಕ್ಯಾನಿಕ್‌ನ ಕೆಲಸ.