ನಿಲಸ್ಕಲ್ಲಿನ ಎರಡು ಬೆಳಗು

ಜೂನ್ 21ರ ನಸುಕಿನಲ್ಲಿ ಕೊಡೆ ಹಿಡಿದುಕೊಂಡು ಸೂರ್ಯೋದಯ ನೋಡಲು ಮಲೆನಾಡಿಗೆ ಹೋದವನು ನಾನೊಬ್ಬನೇ ಇರಬೇಕು. ಹೊಸನಗರ ತಾಲ್ಲೂಕಿನ ನಿಲಸ್ಕಲ್ ಎಂಬ ಊರಿನ ಹೆಸರಿನಲ್ಲೇ ಕಲ್ಲಿದೆ. ಅಲ್ಲಿಯೂ, ಹತ್ತಿರದ ಬೈಸೆಯಲ್ಲಿಯೂ ಬೃಹತ್ ಶಿಲಾಯುಗದ ಜನ ನೆಟ್ಟ ಕಲ್ಲುಗಳಿವೆ. ಕೆತ್ತನೆಯಿಲ್ಲ, ಅಕ್ಷರವಿಲ್ಲ. ಚಪ್ಪಟೆ ಬಂಡೆಗಳು, ಉದ್ದದ ಅಂಚು ಹೆಚ್ಚುಕಡಿಮೆ ಉತ್ತರ-ದಕ್ಷಿಣಕ್ಕೆ.

ಒಂದು ಕಲ್ಲಿನ ಬಳಿ ನಿಂತು ಇನ್ನೊಂದರತ್ತ ನೋಡಿದರೆ, ಕೆಲವು ಜೋಡಿಗಳ ನೇರಕ್ಕೆ ವರ್ಷದ ಅತಿ ದೀರ್ಘ ಮತ್ತು ಅತಿ ಹ್ರಸ್ವ ಹಗಲಿನ ಸೂರ್ಯ ಹುಟ್ಟುವ, ಮುಳುಗುವ ಜಾಗ ಸಿಗುತ್ತದೆಂದು ಶ್ರೀಕುಮಾರ್ ಮೆನನ್, ಮಯಾಂಕ್ ವಾಹಿಯಾ, ಕೈಲಾಸ್ ರಾವ್ 2012ರಲ್ಲಿ ಬರೆದರು. ನಮ್ಮ ಈ ಅಕ್ಷಾಂಶದಲ್ಲಿ ಸೂರ್ಯ ಹುಟ್ಟುವ ಜಾಗ ಪೂರ್ವದಿಂದ ಉತ್ತರಕ್ಕೆ ಸುಮಾರು 24 ಡಿಗ್ರಿ, ದಕ್ಷಿಣಕ್ಕೂ ಅಷ್ಟೇ ಸರಿದು ಹಿಂದಿರುಗುತ್ತದೆ. ಅದನ್ನು ಓದಿಕೊಂಡೇ ನಾನು ಹೊರಟದ್ದು.

"ಸೂರ್ಯನ್ನ ನೋಡಕ್ಕೆ ಬಂದ್ರಾ? ಈ ಮಳೇಲಾ?" ಎಂದು ಗದ್ದೆಗೆ ಹೊರಟಿದ್ದ ಒಬ್ಬರು ಕೇಳಿದರು. "ಚಳಿಗಾಲಕ್ಕೆ ಬನ್ನಿ ಮಾರಾಯ್ರೆ."

ಅವರ ಮಾತಿನಲ್ಲಿ ಪಂಡಿತರೂ ಯೋಚಿಸಬೇಕಾದ ವಿಷಯವಿದೆ. ಅಂದೂ ಮಳೆಗಾಲ ಹೀಗೇ ಇದ್ದಿದ್ದರೆ, ಜೂನಿನ ಸೂರ್ಯನಿಗಾಗಿ ಕಾದವರು ಎಷ್ಟು ವರ್ಷಕ್ಕೊಮ್ಮೆ ಅವನನ್ನು ಕಂಡಾರು? ಡಿಸೆಂಬರಿನ ಮಾತು ಬೇರೆ. ಆಕಾಶ ತಿಳಿಯಾಗಿರುತ್ತದೆ, ಬೆಳೆ ಮನೆ ಸೇರಿರುತ್ತದೆ, ನಾಲ್ಕು ಊರಿನವರು ಒಂದೆಡೆ ಕೂಡಲು ಬಿಡುವಿರುತ್ತದೆ. ಕಲ್ಲಿನ ಮುಂದೆ ಏನಾದರೂ ನಡೆದಿದ್ದರೆ ಅದು ಆ ಬೆಳಗಿನಲ್ಲೇ ಎಂದು ನನ್ನ ಊಹೆ. ಊಹೆ ಅಷ್ಟೇ.

ಆದರೆ ಕಲ್ಲು ನೆಡುವುದು ಪಂಚಾಂಗಕ್ಕೆ ಮಾತ್ರವೇ? ಬ್ರಹ್ಮಗಿರಿಯಲ್ಲಿ 1947ರಲ್ಲಿ ವೀಲರ್ ಅಗೆಸಿದಾಗ, ಅದೇ ಸಂಸ್ಕೃತಿಯ ಕಲ್ಲುವೃತ್ತಗಳೊಳಗೆ ಮೂಳೆ, ಮಡಕೆ, ಕಬ್ಬಿಣದ ಆಯುಧಗಳು ಸಿಕ್ಕವು. ಸತ್ತವರಿಗಾಗಿ ಕಲ್ಲು ನಿಲ್ಲಿಸುವುದನ್ನು ನಾವು ವೀರಗಲ್ಲು, ಮಾಸ್ತಿಕಲ್ಲುಗಳ ಕಾಲಕ್ಕೂ ಬಿಡಲಿಲ್ಲ. ಅಪ್ಪ ತೀರಿಕೊಂಡಾಗ ನಾನೂ ಹತ್ತು ದಿನ ಒಂದು ಪುಟ್ಟ ಕಲ್ಲಿಗೆ ನೀರು ಬಿಟ್ಟಿದ್ದೇನೆ. ಆ ಹತ್ತು ದಿನ ಅದೇ ಅಪ್ಪ. ಕೊನೆಗೆ ಅದನ್ನು ಹೊಳೆಗೆ ಹಾಕಿ, ಹಿಂದಿರುಗಿ ನೋಡಬಾರದೆಂದರು. ನೋಡಲಿಲ್ಲ. ಇಲ್ಲಿನವರು ಮಾತ್ರ ಮುಳುಗಿಸಲಿಲ್ಲ, ನಿಲ್ಲಿಸಿದರು. ಒಬ್ಬಿಬ್ಬರ ಕೈಲಾಗುವ ಕೆಲಸವಲ್ಲ ಅದು.

ಡಿಸೆಂಬರಿನಲ್ಲಿ ಮತ್ತೆ ಹೋದೆ. ಮರಗಳು ಬೆಳೆದು ದಿಗಂತ ಮುಚ್ಚಿದೆ. ಸೂರ್ಯ ಕಾಣುವಷ್ಟರಲ್ಲಿ ಆಗಲೇ ಮೇಲೇರಿದ್ದ. ಅಳೆಯಲು ತಂದಿದ್ದ ದಿಕ್ಸೂಚಿ ಚೀಲದಲ್ಲೇ ಉಳಿಯಿತು. ಅದೇ ವ್ಯಕ್ತಿ ಬಂದರು. ಮುಟ್ಟಬಹುದೇ ಎಂದು ಕೇಳಿದೆ.

"ಮುಟ್ಟಿ. ನಮ್ಮ ಹುಡುಗ್ರು ದಿನಾ ಒರಗ್ತಾವೆ."

ಇಬ್ಬನಿಯಲ್ಲಿ ನೆನೆದ ಕಲ್ಲು ತಣ್ಣಗಿತ್ತು. ಸ್ವಲ್ಪ ಹೊತ್ತು ಕೈ ತೆಗೆಯಲಿಲ್ಲ.