ಕಾಂಡಕೊರಕನ ಮೊದಲೆರಡು ರಾತ್ರಿ

ಬಿಳಿ ತೆನೆ ಕಂಡ ಮೇಲೆ ಔಷಧಿ ಹೊಡೆಯಲು ಓಡುವವರು ಕುಂದಾಪುರ, ಬೈಂದೂರು, ಬ್ರಹ್ಮಾವರದ ಬೈಲುಗಳಲ್ಲಿ ಈಗಲೂ ಇದ್ದಾರೆ. ಆ ತೆನೆ ಎಳೆದರೆ ಸುಲಭವಾಗಿ ಕಿತ್ತು ಬರುತ್ತದೆ, ಬರೀ ಜೊಳ್ಳು. ಆಗ ಏನು ಹೊಡೆದರೂ ಅದರಲ್ಲಿ ಕಾಳು ಕಟ್ಟುವುದಿಲ್ಲ. ಕಾಂಡಕೊರಕ ಹುಳದ ಸಂಸಾರ ಶುರುವಾದದ್ದು ಎಷ್ಟೋ ವಾರ ಮೊದಲು, ಒಂದು ಸಂಜೆಗತ್ತಲಲ್ಲಿ.

ಆ ಕತ್ತಲಲ್ಲಿ ಗಂಡು ಹೆಣ್ಣನ್ನು ಹೇಗೆ ಹುಡುಕುತ್ತದೆ? ಇದರ ಬೆನ್ನು ಹತ್ತಿದವರಲ್ಲಿ ಮೊದಲಿಗರೊಬ್ಬರು 19ನೇ ಶತಮಾನದ ಫ್ರಾನ್ಸಿನ ಮೇಷ್ಟ್ರು ಫಾಬ್ರ್. ಬೆಳಿಗ್ಗೆಯಷ್ಟೇ ಗೂಡಿನಿಂದ ಹೊರಬಂದ ದೊಡ್ಡ ಜಾತಿಯ ಹೆಣ್ಣು ಪತಂಗವೊಂದನ್ನು ಅವರು ತಂತಿಬಲೆಯೊಳಗೆ ಇಟ್ಟಿದ್ದರು. ಅದೇ ರಾತ್ರಿ ಸುಮಾರು 40 ಗಂಡುಗಳು ಮನೆಗೆ ನುಗ್ಗಿದವು. ಹೆಣ್ಣನ್ನು ಗಾಳಿಯಾಡದ ಹಾಗೆ ಮುಚ್ಚಿಟ್ಟಾಗ ಒಂದೂ ಬರಲಿಲ್ಲ. ಕರೆದದ್ದು ವಾಸನೆ. ಅಂಥ ವಾಸನೆಯ ವಸ್ತುವೊಂದನ್ನು 1959ರಲ್ಲಿ ಜರ್ಮನಿಯ ಬುಟೆನಾಂಟ್ ಬೇರ್ಪಡಿಸಿದರು. ಅದಕ್ಕೆ ಸುಮಾರು 5 ಲಕ್ಷ ಹೆಣ್ಣು ರೇಷ್ಮೆ ಪತಂಗ ಬೇಕಾಯಿತು, ಸಿಕ್ಕಿದ್ದು ಕೆಲವೇ ಮಿಲಿಗ್ರಾಂ!

ಪತಂಗಕ್ಕೆ ವಯಸ್ಸು ಎಷ್ಟು ಮುಖ್ಯ ಎಂಬುದು ಘಟ್ಟದ ಮೇಲಿನ ರೇಷ್ಮೆ ಮೊಟ್ಟೆ ಕೇಂದ್ರದವರಿಗೆ ಗೊತ್ತು. ಬೆಳಿಗ್ಗೆ ಹೊರಬಂದ ಗಂಡು ಹೆಣ್ಣನ್ನು ಅವತ್ತೇ ಜೋಡಿ ಮಾಡುತ್ತಾರೆ, ಮೂರು ನಾಲ್ಕು ಗಂಟೆಯ ಬಳಿಕ ಬಿಡಿಸುತ್ತಾರೆ. ಗಂಡನ್ನು ತಂಪಿನಲ್ಲಿಟ್ಟು ಮತ್ತೆ ಬಳಸುವುದುಂಟು. ಹೆಣ್ಣು ಮೊಟ್ಟೆಯಿಟ್ಟರೆ ಅದರ ಕೆಲಸ ಮುಗಿಯಿತು.

ನಮ್ಮ ಭತ್ತದ ಹಳದಿ ಕಾಂಡಕೊರಕನದೂ ಅದೇ ಪಾಡು. ಹೆಣ್ಣಿನ ಮುಂದಿನ ರೆಕ್ಕೆಗಳಲ್ಲಿ ಒಂದೊಂದು ಕಪ್ಪು ಚುಕ್ಕೆ, ಕಂಡಿರುತ್ತೀರಿ. ಪತಂಗವಾದ ಮೇಲೆ ಅದು ಏನನ್ನೂ ತಿನ್ನುವುದಿಲ್ಲ. ಹುಳವಾಗಿದ್ದಾಗ ಭತ್ತದ ಕಾಂಡ ತಿಂದು ಕೂಡಿಟ್ಟ ಕೊಬ್ಬೇ ಬಂಡವಾಳ, ಆಯಸ್ಸು ವಾರವೋ ಅದಕ್ಕಿಂತ ತುಸು ಹೆಚ್ಚೋ. ಹಾಗಾಗಿ ಮೊದಲೆರಡು ರಾತ್ರಿಯಲ್ಲೇ ಗಂಡನ್ನು ಕರೆದು ಕೂಡಿಬಿಡಬೇಕು. ಕೂಡುವುದು ತಡವಾದಷ್ಟೂ ಮೊಟ್ಟೆ ಕಡಿಮೆ, ಇಟ್ಟವುಗಳಲ್ಲೂ ಒಡೆಯುವುದು ಕಡಿಮೆ. ಪತಂಗಗಳ ಜಾತಿ ಜಾತಿಗಳಲ್ಲಿ ಇದು ಕಂಡುಬಂದಿದೆ.

ಕಾಂಡಕೊರಕನ ಹೆಣ್ಣಿನ ವಾಸನೆಯಲ್ಲಿ ಏನಿದೆ ಎಂಬುದು 1980ರ ದಶಕದಲ್ಲಿ ಗೊತ್ತಾಯಿತು: ಮುಖ್ಯವಾಗಿ ಎರಡು ವಸ್ತು, ಒಂದಕ್ಕೆ ಮೂರರ ಲೆಕ್ಕದಲ್ಲಿ. ಅದನ್ನೇ ಕಾರ್ಖಾನೆಯಲ್ಲಿ ಮಾಡಿ ರಬ್ಬರ್ ತುಂಡಿಗೆ ಹೀರಿಸಿದರೆ ಮೋಹಕ ಬಲೆ ಸಿದ್ಧ.

ಮೊನ್ನೆ ಬೈಲಿನಲ್ಲಿ ಹಿರಿಯರೊಬ್ಬರು ಬಲೆ ನೋಡಿ ಕೇಳಿದರು, "ಗಂಡ್ ಮಾತ್ರ ಬಿದ್ರೆ ಎಂತ ಪ್ರಯೋಜ್ನ ಮರಾಯ್ರೆ? ಮೊಟ್ಟೆ ಇಡುದ್ ಹೆಣ್ಣಲ್ದಾ?" ನ್ಯಾಯವಾದ ಪ್ರಶ್ನೆ. ಗಂಡು ಸಿಗದೆ ಹೆಣ್ಣಿನ ರಾತ್ರಿಗಳು ಕಳೆದುಹೋಗಬೇಕು, ಬಲೆಯ ಕೆಲಸ ಅಷ್ಟೇ. ಅದಕ್ಕೇ ನಟ್ಟಿಯಾಗಿ 10-15 ದಿನದೊಳಗೆ, ಎಕರೆಗೆ 8ರಂತೆ ಕಟ್ಟಬೇಕು. ರಬ್ಬರ್ ತುಂಡನ್ನು ತಿಂಗಳೊಳಗೆ ಬದಲಿಸಬೇಕು. ಸುಗ್ಗಿ ಕೊಯ್ದು ಉದ್ದಿಗೋ ನೆಲಗಡಲೆಗೋ ಕೂಡಲೇ ಉಳುತ್ತಿದ್ದ ನಮ್ಮ ಹಳೆಯ ಪದ್ಧತಿಯೂ ಕೂಳೆಯೊಳಗಿನ ಹುಳಕ್ಕೆ ಪೆಟ್ಟೇ.

ಒಂದು ತೊಡಕಿದೆ. ನಮ್ಮವು ಸೆಂಟ್ಸ್ ಲೆಕ್ಕದ ಗದ್ದೆಗಳು. ಪಕ್ಕದ ಗದ್ದೆಯಲ್ಲಿ ಆಗಲೇ ಗಂಡನ್ನು ಕೂಡಿದ ಹೆಣ್ಣು ಅಂಚು ದಾಟಿ ಬಂದು ಮೊಟ್ಟೆಯಿಟ್ಟರೆ ನಮ್ಮ ಬಲೆ ಏನೂ ಮಾಡಲಾರದು. ಹಿರಿಯರಿಗೆ ಇದನ್ನು ಹೇಳಿದೆ. ಅವರು ಪಕ್ಕದ ಗದ್ದೆಯವರಿಗೆ ಫೋನ್ ಹಚ್ಚಿದರು.